ನಾಲ್ಕು ಪಂದ್ಯಗಳ ಸಿದ್ದಲಿಂಗಯ್ಯ

ದ್ವೀಪದಿಂದ,
9 ಸೆಪ್ಟೆಂಬರ್ 2023

ಅಪ್ಪಾ,

ಫೋನಿನಲ್ಲಿ ಅಮ್ಮನಿಗೆ ಹೇಳಿದರೆ ಅವಳು ನಿನಗೆ ಕೈಸನ್ನೆಯಲ್ಲಿ ಹೇಳುತ್ತಾಳೆ; ಅರ್ಧ ವಿಷಯ ಅವಳ ಬೆರಳಲ್ಲೇ ಉಳಿದುಹೋಗುತ್ತದೆ. ವಿಡಿಯೋದಲ್ಲಿ ನನ್ನ ತುಟಿ ನೋಡಿಕೊಂಡು ನೀನು ಎಲ್ಲದಕ್ಕೂ ತಲೆಯಾಡಿಸುತ್ತೀ. ಹೋದ ಸಲ ನಾನು ಕಾಲು ಉಳುಕಿದೆ ಅಂದಾಗಲೂ ನಗುತ್ತಾ “ಒಳ್ಳೇದು, ಒಳ್ಳೇದು” ಅಂದೆ. ಅದಕ್ಕೇ ಇದನ್ನು ಬರೆದು ಕಳಿಸುತ್ತಿದ್ದೇನೆ. ನಿಧಾನವಾಗಿ ಓದು.

ಈ ಪುಟ್ಟ ದ್ವೀಪದೇಶದ ಹೆಂಗಸರ ಕ್ರಿಕೆಟ್ ತಂಡಕ್ಕೆ ನನ್ನನ್ನು ಆರಿಸಿದ್ದಾರೆ. ನವೆಂಬರ್ ಕೊನೆಯಿಂದ ಮಲೇಶಿಯಾದಲ್ಲಿ ಪಂದ್ಯಗಳಿವೆ. ನಿಜವಾದ ಅಂತರರಾಷ್ಟ್ರೀಯ ಪಂದ್ಯಗಳು, ದಾಖಲೆಗೆ ಹೋಗುತ್ತವೆ.

ಹೇಗೆ ಅಂತ ನೀನು ಕೇಳುತ್ತೀ. ನಮ್ಮ ಆಸ್ಪತ್ರೆಯ ನರ್ಸುಗಳು, ನಾವು ಲ್ಯಾಬಿನವರು ಶುಕ್ರವಾರ ರಜದ ದಿನ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಆಡುತ್ತಿದ್ದೆವು. ಒಬ್ಬ ಪಾಕಿಸ್ತಾನದ ಮುದುಕ, ಈಗ ಕೋಚ್ ಅವರೇ, ಕಾರು ತೆಗೆಯಲು ಬಂದವರು ಅರ್ಧ ಗಂಟೆ ನಿಂತು ನನ್ನ ಬೌಲಿಂಗ್ ನೋಡಿದರು. “ಎಡಗೈ ಸ್ಪಿನ್ ಎಲ್ಲಿ ಕಲಿತೆ?” ಅಂತ ಕೇಳಿದರು. ಚಿಕ್ಕಬಾಣಾವರ ಸ್ಟೇಷನ್ ಪಕ್ಕದ ಬಯಲಲ್ಲಿ, ತಮ್ಮನ ಗೆಳೆಯರ ಜೊತೆ, ಟೆನಿಸ್ ಬಾಲಿನಲ್ಲಿ ಅಂದೆ. ಅವರಿಗೆ ಏನು ಅರ್ಥವಾಯಿತೋ. ಮೂರು ವರ್ಷ ಇಲ್ಲಿ ವಾಸವಿದ್ದವರು ಈ ದೇಶಕ್ಕೆ ಆಡಬಹುದು ಅಂತ ನಿಯಮವಂತೆ. ನನಗೆ ನಾಲ್ಕಾಗಿದೆ. ಪಾಸ್‌ಪೋರ್ಟ್ ಭಾರತದ್ದೇ ಇರುತ್ತದೆ, ಅದಕ್ಕೇನೂ ಆಗುವುದಿಲ್ಲ.

ಇನ್ನೊಂದು ವಿಷಯ. ಅರ್ಜಿಯಲ್ಲಿ ಹೆಸರಿಗೊಂದು, ಮನೆತನದ ಹೆಸರಿಗೊಂದು ಖಾನೆ ಇತ್ತು. ನಮಗೆಲ್ಲಿಯ ಮನೆತನದ ಹೆಸರು? ಪಾಸ್‌ಪೋರ್ಟಿನಲ್ಲಿ ನಿನ್ನ ಹೆಸರಿದೆ, ಅದನ್ನೇ ಬರೆದೆ. ನಿನ್ನೆ ಆಟದ ಅಂಗಿ ಕೊಟ್ಟರು. ಬೆನ್ನಿನ ಮೇಲೆ ಈ ಭುಜದಿಂದ ಆ ಭುಜದವರೆಗೆ ‘ಸಿದ್ದಲಿಂಗಯ್ಯ’. ಹದಿಮೂರು ಇಂಗ್ಲಿಷ್ ಅಕ್ಷರ. ನೀನು ಬೇಡ ಅಂದ ಆಟವನ್ನು ನಿನ್ನ ಹೆಸರು ಹೊತ್ತುಕೊಂಡೇ ಆಡಬೇಕಾಗಿದೆ. ಇದಕ್ಕೆ ನಗಬೇಕೋ ಬೇಡವೋ ತಿಳಿಯದೆ ಅಂಗಿಯನ್ನು ಮಡಚಿ ಇಟ್ಟಿದ್ದೇನೆ.

ನಿನ್ನ ಮಗಳು,
ವೇಣಿ


ಚಿಕ್ಕಬಾಣಾವರ,
27 ಸೆಪ್ಟೆಂಬರ್ 2023

ಮಗಳು ವೇಣಿಗೆ,

ಇಲ್ಲಿ ಅಮ್ಮನ ಮಂಡಿನೋವು ಬಿಟ್ಟರೆ ಬೇರೆ ತೊಂದರೆ ಇಲ್ಲ. ನಿನ್ನ ಕಾಗದ ಬಂದು ಎಂಟು ದಿನವಾಯಿತು. ನಾಲ್ಕು ಸಲ ಓದಿದೆ. ಓದಿದಷ್ಟೂ ಪ್ರಶ್ನೆಗಳು ಜಾಸ್ತಿಯಾದವು. ಬರೆಯುತ್ತೇನೆ, ಒಂದೊಂದಕ್ಕೇ ಉತ್ತರ ಕೊಡು.

ನಾಳೆ ಆ ದೇಶಕ್ಕೂ ಭಾರತಕ್ಕೂ ಪಂದ್ಯವಾದರೆ ನೀನು ಯಾರ ಕಡೆ? ನಾವು ಯಾರ ಕಡೆ? ಪಂದ್ಯಕ್ಕೆ ಮುಂಚೆ ರಾಷ್ಟ್ರಗೀತೆ ಹಾಕುತ್ತಾರಲ್ಲ, ಅವರದನ್ನು ನೀನು ಹಾಡಬೇಕಾ? ನಿನಗೆ ಅದು ಬರುತ್ತದಾ? ಆಸ್ಪತ್ರೆಯವರು ರಜ ಕೊಡುತ್ತಾರಾ, ಇಲ್ಲ ಇದನ್ನೇ ನೆಪ ಮಾಡಿ ಕೆಲಸದಿಂದ ತೆಗೆಯುತ್ತಾರಾ?

ಮೊನ್ನೆ ಪೀಣ್ಯಕ್ಕೆ ಹೋಗಿದ್ದೆ. ಫ್ಯಾಕ್ಟರಿ ಬಿಟ್ಟು ನಾಲ್ಕು ವರ್ಷವಾದರೂ ತಿಂಗಳಿಗೊಮ್ಮೆ ಕಾಲು ಅಲ್ಲಿಗೇ ಎಳೆಯುತ್ತದೆ. ಗೇಟಿನ ಎದುರಿನ ಟೀ ಅಂಗಡಿ ಲೋಕೇಶನಿಗೆ ಹೇಳಿದೆ, ನಮ್ಮ ವೇಣಿ ಇಂಟರ್‌ನ್ಯಾಷನಲ್ ಆಡ್ತಾಳೆ ಅಂತ. ಅವನು ಮೊಬೈಲ್ ತೆಗೆದು ಇಂಡಿಯಾ ತಂಡದ ಪಟ್ಟಿ ಪೂರ್ತಿ ನೋಡಿ, ನನ್ನ ಬಲಗಿವಿಗೆ ಬಾಯಿ ತಂದು ಕೂಗಿದ: “ಎಲ್ಲಿದೆ ಅಣ್ಣ ಹೆಸ್ರು? ಇಲ್ವಲ್ಲ!”

“ಇಂಡಿಯಾಗಲ್ಲ ಕಣಪ್ಪ, ಬೇರೆ ದೇಶಕ್ಕೆ” ಅಂದೆ.

“ಬೇರೆ ದೇಶಕ್ಕೆ ಆಡಿದ್ರೆ ನಮ್ಗೇನ್ ಬಂತು ಗುರು?”

ಟೀ ಕುಡಿದು ಬಂದುಬಿಟ್ಟೆ. ನಿನ್ನ ಕೋಚ್ ಪಾಕಿಸ್ತಾನದವರು ಅನ್ನುವುದನ್ನು ಅಲ್ಲಿ ಹೇಳಲಿಲ್ಲ. ನಿನ್ನ ತಮ್ಮ ಚಿರಂಜೀವಿಗೂ ಬಾಯಿ ಮುಚ್ಚಿಕೊಂಡಿರು ಅಂದಿದ್ದೇನೆ.

ನಾನು ಬೇಡ ಅಂದ ಆಟ ಅಂತ ಬರೆದಿದ್ದೀ. ಹದಿನಾರು ವರ್ಷದವಳಿದ್ದಾಗ ರಾಜಾಜಿನಗರದ ಕ್ಲಬ್ಬಿನವರು ಕರೆದಿದ್ದರು, ನಾನು ಕಳಿಸಲಿಲ್ಲ, ನಿಜ. ನೀನು ಎರಡು ದಿನ ಊಟ ಬಿಟ್ಟೆ. ಯಾಕೆ ಬೇಡ ಅಂದೆ ಅಂತ ನೀನು ಆಗ ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿದ್ದೆನೋ ಇಲ್ಲವೋ.

ಹುಷಾರಾಗಿ ಆಡು. ಕಾಲು ಉಳುಕಿದ್ದು ವಾಸಿಯಾಯಿತಾ?

ಅಪ್ಪ


ಕ್ವಾಲಾಲಂಪುರ,
1 ಡಿಸೆಂಬರ್ 2023

ಅಪ್ಪಾ,

ಹೋಟೆಲ್ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಎರಡು ಪಂದ್ಯ ಆಡಿದೆವು, ಎರಡೂ ಸೋತೆವು. ಮೊದಲನೆಯದರಲ್ಲಿ ನಾವೆಲ್ಲ ಸೇರಿ ಹೊಡೆದದ್ದು ನಲವತ್ತೊಂದು. ನಾನು ಎರಡು ಓವರಿಗೆ ಹತ್ತೊಂಬತ್ತು ರನ್ ಕೊಟ್ಟೆ. ಮೊದಲ ಚೆಂಡು ಕೈಯಿಂದ ಜಾರಿ ಬ್ಯಾಟರ್ ತಲೆಯ ಮೇಲೆ ಹೋಯಿತು. ಎರಡನೆಯ ಪಂದ್ಯದಲ್ಲಿ ಒಂದು ವಿಕೆಟ್ ಸಿಕ್ಕಿತು.

ನಿನ್ನ ಪ್ರಶ್ನೆಗಳಿಗೆ ಬರುತ್ತೇನೆ. ರಾಷ್ಟ್ರಗೀತೆ ನನಗೆ ಪೂರ್ತಿ ಬರುವುದಿಲ್ಲ. ನಮ್ಮ ಕ್ಯಾಪ್ಟನ್ ಶ್ರೀಲಂಕಾದ ನರ್ಸ್. ವಿಕೆಟ್ ಕೀಪರ್ ಕೂಡ ಅವಳೇ. ಅವಳಿಗೂ ಬರುವುದಿಲ್ಲ. ತಂಡದಲ್ಲಿ ದ್ವೀಪದಲ್ಲೇ ಹುಟ್ಟಿದವರು ಮೂವರು, ಅವರು ಗಟ್ಟಿಯಾಗಿ ಹಾಡಿದರು; ನಾವು ಮಿಕ್ಕವರು ತುಟಿ ಆಡಿಸಿದೆವು. ಹಾಡು ಮುಗಿಯುವ ಹೊತ್ತಿಗೆ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಯಾಕೆ ಬಂತು ಅಂತ ಈಗಲೂ ಯೋಚಿಸುತ್ತಿದ್ದೇನೆ. ಅದು ನನ್ನ ಧ್ವಜವಲ್ಲ. ಹಾಗಂತ ಸುಳ್ಳು ಕಣ್ಣೀರೂ ಅಲ್ಲ.

ಭಾರತದ ವಿರುದ್ಧ ಆಡುವ ಮಟ್ಟಕ್ಕೆ ನಾವು ಈ ಜನ್ಮದಲ್ಲಿ ಬರುವುದಿಲ್ಲ, ಆ ಚಿಂತೆ ಬಿಡು.

ಮೈಕಿನಲ್ಲಿ ಘೋಷಣೆ ಮಾಡುವವನಿಗೆ ನಿನ್ನ ಹೆಸರು ಹೇಳಲು ಬರುವುದಿಲ್ಲ. ‘ಸಿಡ್ಡಾ’ ಅಂತ ಶುರುಮಾಡಿ ಉಸಿರು ತೆಗೆದುಕೊಂಡು ‘ಲಿಂಗಾಯಾ’ ಅನ್ನುತ್ತಾನೆ. ನಾಳಿದ್ದು ಮೂರನೆಯ ಪಂದ್ಯ. ಎದುರಿನವರೂ ನಮ್ಮಂಥವರೇ, ಒಂದು ಸಣ್ಣ ಬೆಟ್ಟದ ದೇಶದವರು. ಶಾಲೆಯ ಟೀಚರು, ಪೊಲೀಸಮ್ಮ, ಹಾಲಿನ ಡೇರಿಯವಳು. ತಿಂಡಿಗೆ ಕೂತಾಗ ನಮಗೆ ಉಪ್ಪಿನಕಾಯಿ ಕೊಟ್ಟರು.

ವೇಣಿ


ಕ್ವಾಲಾಲಂಪುರ,
3 ಡಿಸೆಂಬರ್ 2023

ಅಪ್ಪಾ,

ಗೆದ್ದೆವು. ಎರಡು ರನ್ನಿಂದ. ಈ ದೇಶದ ಹೆಂಗಸರ ತಂಡ ಗೆದ್ದದ್ದು ಇದೇ ಮೊದಲು. ನನಗೆ ಹನ್ನೊಂದು ರನ್ನಿಗೆ ನಾಲ್ಕು ವಿಕೆಟ್. ಚಿತ್ರ ಚಿರಂಜೀವಿಗೆ ಕಳಿಸಿದ್ದೇನೆ, ನೋಡು.

ಸುಸ್ತಾಗಿದೆ. ಮತ್ತೆ ಬರೆಯುತ್ತೇನೆ.

ವೇಣಿ


ಚಿಕ್ಕಬಾಣಾವರ,
26 ಡಿಸೆಂಬರ್ 2023

ಮಗಳೇ,

ಆ ಭಾನುವಾರ ಮನೆಯಲ್ಲಿ ಏನಾಯಿತು ಅಂತ ನಿನಗೆ ಯಾರೂ ಸರಿಯಾಗಿ ಹೇಳಿರಲಾರರು. ಚಿರಂಜೀವಿ ಮೊಬೈಲಿನಲ್ಲಿ ಸ್ಕೋರ್ ತೆಗೆದು ನನ್ನ ಕೈಗೆ ಕೊಟ್ಟಿದ್ದ. ಆಟ ಕಾಣುವುದಿಲ್ಲ, ಬರೀ ಅಂಕಿ. ನಿನ್ನ ಹೆಸರಿನ ಮೊದಲ ಅಕ್ಷರ ಒಂದು, ಆಮೇಲೆ ನನ್ನ ಹೆಸರು. ಪಕ್ಕದಲ್ಲಿ ವಿಕೆಟ್ಟಿನ ಅಂಕಿ ಒಂದಾಯಿತು, ಎರಡಾಯಿತು, ಮೂರಾಯಿತು. ಕೊನೆಯ ಓವರಿನಲ್ಲಿ ಬಹಳ ಹೊತ್ತು ಏನೂ ಬದಲಾಗಲಿಲ್ಲ. ಮೊಬೈಲ್ ಕೆಟ್ಟಿತು ಅಂದುಕೊಂಡು ಅಲ್ಲಾಡಿಸಿದೆ. ಆಗ ನಾಲ್ಕಾಯಿತು. ಅಮ್ಮ ಅಡುಗೆಮನೆಯಿಂದ ಓಡಿಬಂದಳು. ನಾನು ಕಿರುಚಿದೆನಂತೆ. ನನಗೆ ಗೊತ್ತಾಗಲಿಲ್ಲ.

ಆಮೇಲಿನದು ಕೇಳು. ನಮ್ಮಲ್ಲಿ ರಾಜ್ಯೋತ್ಸವ ಡಿಸೆಂಬರ್ ಮುಗಿಯುವ ತನಕ ನಡೆಯುತ್ತದೆ, ನಿನಗೇ ಗೊತ್ತು. ಹದಿನೇಳನೇ ತಾರೀಖು ಸಂಘದವರು ವೇದಿಕೆಯ ಮೇಲೆ ನಿನ್ನ ಬದಲು ನನ್ನನ್ನು ಕೂರಿಸಿ ಪೇಟ ತೊಡಿಸಿದರು. ಫ್ಲೆಕ್ಸಿನಲ್ಲಿ ನಿನ್ನ ಚಿತ್ರ, ಕೆಳಗೆ ‘ಭಾರತ ತಂಡದ ಹೆಮ್ಮೆಯ ಆಟಗಾರ್ತಿ’. ನಾನು ಗಾಬರಿಯಾಗಿ ಅಧ್ಯಕ್ಷ ಶ್ಯಾಮಣ್ಣನ ಕೈ ಹಿಡಿದು, ಭಾರತ ಅಲ್ಲ ಅಂತ ಹೇಳಿದೆ. ಅವನು ನನ್ನ ಕಿವಿಗೆ ಕೂಗಿದ: “ಇರ್ಲಿ ಬಿಡಣ್ಣ, ಇಂಟರ್‌ನ್ಯಾಷನಲ್ ಅಂದ್ಮೇಲೆ ಎಲ್ಲಾ ಒಂದೇ!” ಮೈಕು ಆನ್ ಆಗಿತ್ತಂತೆ. ಜನವೆಲ್ಲ ನಕ್ಕು ಚಪ್ಪಾಳೆ ಹೊಡೆದರು. ಫ್ಯಾಕ್ಟರಿಯಲ್ಲಿ ನನ್ನ ಜೊತೆ ತಗಡು ಒತ್ತುವ ಪ್ರೆಸ್ ಮೆಷಿನ್ ಮೇಲಿದ್ದನಲ್ಲ ಬಸಲಿಂಗ, ಅವನೂ ಬಾಗಲಗುಂಟೆಯಿಂದ ಬಂದು ಮೊದಲ ಸಾಲಲ್ಲಿ ಕೂತಿದ್ದ. ಮೂರು ಬೆರಳಿನ ಕೈಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ಹೊಡೆದ.

ಒಂದು ಮಾತು. ಸೋತ ಪಂದ್ಯಕ್ಕೆ ಎರಡು ಪುಟ ಬರೆದವಳು ಗೆದ್ದದ್ದಕ್ಕೆ ನಾಲ್ಕು ಸಾಲು ಬರೆದಿದ್ದೀ. ನಾಲ್ಕನೆಯ ಪಂದ್ಯದ ಸುದ್ದಿಯೇ ಇಲ್ಲ. ನನಗೆ ಕಿವಿ ಇಲ್ಲ ಕಣಮ್ಮ, ನೀನು ಬರೆದರೇ ನನಗೆ ಪಂದ್ಯ. ಆ ಕೊನೆಯ ವಿಕೆಟ್ ಹೇಗೆ ಬಿತ್ತು, ಪೂರ್ತಿ ಬರೆ.

ಅಪ್ಪ


ದ್ವೀಪದಿಂದ,
14 ಜನವರಿ 2024

ಅಪ್ಪಾ,

ಪೂರ್ತಿ ಬರೆ ಅಂದೆ. ಬರೆಯುತ್ತೇನೆ. ಅಮ್ಮನಿಗೆ ಓದಿ ಹೇಳಬೇಡ.

ಅವರಿಗೆ ಗೆಲ್ಲಲು ಮೂರು ರನ್ ಬೇಕಿತ್ತು, ನಮಗೆ ಒಂದು ವಿಕೆಟ್. ಚೆಂಡು ಉಳಿದದ್ದು ನಾಲ್ಕು. ಬ್ಯಾಟ್ ಹಿಡಿದಿದ್ದವಳು ಆ ಟೀಚರ್, ಉಪ್ಪಿನಕಾಯಿ ಕೊಟ್ಟವಳು. ಮೂವತ್ತೈದರ ಹತ್ತಿರದ ವಯಸ್ಸು, ಪ್ರತಿ ಚೆಂಡಿಗೂ ಮುಂಚೆ ಕನ್ನಡಕ ಒರೆಸಿಕೊಳ್ಳುತ್ತಿದ್ದಳು. ನಾನು ನಿಧಾನವಾಗಿ ಎಸೆದೆ. ಅವಳು ಮುಂದೆ ಬಂದು ನೇರ ನನ್ನ ಕಡೆಗೇ ಹೊಡೆದಳು, ನೆಲಕ್ಕೆ ತೀರ ಹತ್ತಿರ. ನಾನು ಎಡಕ್ಕೆ ಬಿದ್ದೆ. ಚೆಂಡು ಮೊದಲು ನೆಲಕ್ಕೆ ತಾಗಿತು, ಆಮೇಲೆ ನನ್ನ ಬೆರಳುಗಳ ಮೇಲೆ ಬಂತು. ಒಂದು ಕಾಳಿನಷ್ಟು ಅಂತರ. ಬೆರಳಿಗೆ ಅದು ಗೊತ್ತಾಗುತ್ತದೆ ಅಪ್ಪಾ, ಕಣ್ಣಿಗೆ ಗೊತ್ತಾಗದಿದ್ದರೂ.

ಅಂಪೈರ್ ನನ್ನ ಹಿಂದೆಯೇ ನಿಂತಿದ್ದರು. ನನ್ನ ಮೈ ಅಡ್ಡವಾಗಿ ಅವರಿಗೆ ಕಾಣಲಿಲ್ಲ. ಇಂಥ ಪಂದ್ಯಗಳಲ್ಲಿ ಮತ್ತೆ ಹಾಕಿ ನೋಡಲು ಕ್ಯಾಮೆರಾ ಇರುವುದಿಲ್ಲ. ಅವರು ನನ್ನನ್ನೇ ಕೇಳಿದರು, “ಕ್ಯಾಚ್?”

ನಾನು ಹೌದು ಅನ್ನಲಿಲ್ಲ. ಇಲ್ಲ ಅನ್ನಲೂ ಇಲ್ಲ. ಬಿದ್ದಲ್ಲಿಂದಲೇ ಚೆಂಡಿದ್ದ ಕೈಯನ್ನು ಮೇಲಕ್ಕೆ ಎತ್ತಿದೆ. ಅಷ್ಟೇ. ಅಂಪೈರ್ ಬೆರಳೆತ್ತಿದರು. ಮರುಕ್ಷಣ ಹತ್ತು ಜನ ನನ್ನ ಮೇಲೆ ಬಿದ್ದರು. ನಮ್ಮ ಕೋಚ್ ಮೈದಾನದ ಅಂಚಿನಲ್ಲಿ ಮಂಡಿಯೂರಿ ಅಳುತ್ತಿದ್ದರು. ಆ ರಾಶಿಯ ಕೆಳಗೆ ಉಸಿರುಗಟ್ಟಿ ಮಲಗಿದ್ದಾಗ, ಈಗ ಹೇಳಲೇ ಅಂತ ಒಂದು ಸಲ ಅನ್ನಿಸಿತು. ಆಮೇಲೆ ಇವರೆಲ್ಲ ಎದ್ದಮೇಲೆ ಹೇಳೋಣ ಅಂತ. ಆಮೇಲೆ ಕೈಕುಲುಕುವಾಗ ಅಂತ. ಟೀಚರ್ ಬಂದು ನನ್ನ ಕೈ ಹಿಡಿದು ಚೆನ್ನಾಗಿ ಹಾಕಿದೆ ಅಂದಳು. ಥ್ಯಾಂಕ್ಸ್ ಅಂದೆ.

ನಾಲ್ಕನೆಯ ಪಂದ್ಯದಲ್ಲಿ ನನ್ನ ಕೈ ನನ್ನ ಮಾತು ಕೇಳಲಿಲ್ಲ. ನಾಲ್ಕು ಓವರಿಗೆ ಮೂವತ್ತಾರು ರನ್. ವಿಕೆಟ್ ಇಲ್ಲ.

ಇದು ಎಷ್ಟು ದೊಡ್ಡದು ಅಂತ ನನಗೆ ತಿಳಿಯುತ್ತಿಲ್ಲ. ಕೆಲವು ದಿನ ಲ್ಯಾಬಿನಲ್ಲಿ ಸ್ಯಾಂಪಲ್ ನೋಡುತ್ತಾ ಇದು ಏನೂ ಅಲ್ಲ, ಒಂದು ಆಟ, ಪ್ರಪಂಚದಲ್ಲಿ ಇನ್ನೂರು ಜನ ನೋಡಿರಬಹುದು ಅನ್ನಿಸುತ್ತದೆ. ಕೆಲವು ದಿನ ಊಟ ಸೇರುವುದಿಲ್ಲ. ನಿನಗೆ ಪೇಟ ತೊಡಿಸಿದ ಚಿತ್ರ ಚಿರಂಜೀವಿ ಕಳಿಸಿದ ದಿನ ಹಾಗಾಯಿತು. ಏನು ಮಾಡಲಿ ಹೇಳು.

ವೇಣಿ


ದ್ವೀಪದಿಂದ,
10 ಮಾರ್ಚ್ 2024

ಅಪ್ಪಾ,

ಕಾಗದ ತಲುಪಿದೆ, ಅಪ್ಪ ಓದಿ ಬೀರುವಿನಲ್ಲಿಟ್ಟಿದ್ದಾರೆ ಅಂತ ಅಮ್ಮ ಹೇಳಿದಳು. ವಿಡಿಯೋದಲ್ಲಿ ಕರೆದರೆ ನೀನು ಹಿತ್ತಲಿಗೆ ಹೋಗುತ್ತೀಯಂತೆ. ಬೈಯುವುದಿದ್ದರೆ ಬೈದು ಬರೆ. ಹೀಗೆ ಸುಮ್ಮನಿದ್ದರೆ ನಾನು ಹದಿನಾರು ವರ್ಷದವಳಾಗಿಬಿಡುತ್ತೇನೆ.

ವೇಣಿ


ಚಿಕ್ಕಬಾಣಾವರ,
21 ಏಪ್ರಿಲ್ 2024

ವೇಣಿ,

ಮೂರು ಹಾಳೆ ಹರಿದಿದ್ದೇನೆ. ಮೂರರಲ್ಲೂ ‘ಅದು ಆಟ ಕಣಮ್ಮ, ಬಿಡು’ ಅಂತ ಶುರುಮಾಡಿದ್ದೆ. ಹಾಗೆ ಹೇಳುವ ಯೋಗ್ಯತೆ ನನಗಿಲ್ಲ ಅನ್ನಿಸಿ ಹರಿದೆ.

ಪ್ರೆಸ್ ಮೆಷಿನ್ ಶಬ್ದಕ್ಕೆ ನನ್ನ ಕಿವಿ ಹೋದದ್ದು ನಿವೃತ್ತಿಯ ಹೊತ್ತಿಗೆ ಅಂತ ನೀವೆಲ್ಲ ಅಂದುಕೊಂಡಿದ್ದೀರಿ. ಅದಕ್ಕೆ ಹತ್ತು ವರ್ಷ ಮುಂಚೆಯೇ ಹೋಗಿತ್ತು. ವರ್ಷಕ್ಕೊಮ್ಮೆ ಫ್ಯಾಕ್ಟರಿಗೆ ಡಾಕ್ಟರ ವ್ಯಾನು ಬರುತ್ತಿತ್ತು. ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗ ಬೆರಳೆತ್ತು ಅನ್ನುತ್ತಿದ್ದರು. ಗುಂಡಿ ಒತ್ತುವವನ ಹೆಬ್ಬೆರಳು ಪಕ್ಕದ ಗಾಜಿನಲ್ಲಿ ಕಾಣುತ್ತಿತ್ತು. ಅದು ಅಲುಗಿದಾಗೆಲ್ಲ ನಾನು ಬೆರಳೆತ್ತುತ್ತಿದ್ದೆ. ಪ್ರತಿ ವರ್ಷ ಪಾಸು. ಫೇಲಾದರೆ ಮೆಷಿನ್ ಬಿಡಿಸಿ ಗೋಡೌನಿಗೆ ಹಾಕುತ್ತಿದ್ದರು. ಪ್ರೆಸ್ ಆಪರೇಟರ್ ಅಂದರೆ ನನಗೆ ಅದೊಂದು ಮರ್ಯಾದೆ.

ಬಸಲಿಂಗ ತಗಡು ಇಡುವವನು, ನಾನು ಪೆಡಲ್ ತುಳಿಯುವವನು. ಅವನು ಕೈ ತೆಗೆದು “ಹಾಕು” ಅಂತ ಕೂಗಬೇಕು, ನಾನು ತುಳಿಯಬೇಕು. ಕೇಳಿಸುತ್ತಿರಲಿಲ್ಲ; ಅವನ ಬಾಯಿ ತೆರೆದದ್ದು ನೋಡಿ ತುಳಿಯುತ್ತಿದ್ದೆ. ಎರಡು ಸಾವಿರದ ಹನ್ನೆರಡು, ಜೂನ್ ತಿಂಗಳು. ತಗಡು ವಾರೆಯಾಯಿತು. ಸರಿಮಾಡಲು ಅವನು ಮತ್ತೆ ಕೈ ಹಾಕಿ “ತಾಳು” ಅಂದ. ಅವನ ಬಾಯಿ ತೆರೆಯಿತು. ನಾನು ತುಳಿದೆ.

ಎರಡು ಬೆರಳು.

ಸೂಪರ್‌ವೈಸರ್ ನನ್ನನ್ನು ಕರೆದು, ಬಸಲಿಂಗ ತಾಳು ಅಂತ ಕೂಗಿದನಾ ಅಂತ ಕೇಳಿದರು. “ನನಗೇನೂ ಕೇಳಿಸಲಿಲ್ಲ ಸಾರ್” ಅಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅವರು ‘ಬಸಲಿಂಗ ಕೂಗಲಿಲ್ಲ’ ಅಂತ ಬರೆದುಕೊಂಡರು. ನಾನು ಸಹಿ ಹಾಕಿದೆ.

ನಿನ್ನ ಕ್ಲಬ್ಬಿನವರು ಕರೆದದ್ದು ಅದೇ ತಿಂಗಳು. ಫಾರಂ ತಂದು ನನ್ನ ಮುಂದೆ ಇಟ್ಟು ಸಹಿ ಹಾಕಪ್ಪ ಅಂದೆ. ನನ್ನ ಕೈ ಮೇಲೇಳಲಿಲ್ಲ. ಅದೇ ಕಾರಣವೋ, ಹೆಣ್ಣು ಹುಡುಗಿಗೆ ಯಾಕೆ ಅಂತ ಒಳಗೊಳಗೆ ಇದ್ದದ್ದೂ ಸೇರಿತ್ತೋ, ಈಗ ಬಿಡಿಸಿ ಹೇಳಲು ನನ್ನಿಂದ ಆಗದು. ಎರಡೂ ಇದ್ದಿರಬಹುದು.

ನಿನ್ನ ಕಾಗದ ಓದಿದ ಮೇಲೆ ನನಗೆ ಬಸಲಿಂಗನ ಮನೆಯ ದಾರಿಯಲ್ಲಿ ಓಡಾಡಲು ಆಗಲಿಲ್ಲ. ಹೋದ ಭಾನುವಾರ ಹೋದೆ. ಅವನ ಹೆಂಡತಿ ಸಿದ್ದಕ್ಕ ಕಾಫಿ ಕೊಟ್ಟಳು. ಎಲ್ಲ ಹೇಳಿದೆ. ಅವನು ಬಯ್ಯುತ್ತಾನೆ, ಹೊಡೆದರೂ ಹೊಡೆಯಲಿ ಅಂತ ಸಿದ್ಧನಾಗಿ ಹೋಗಿದ್ದೆ. ಅವನು ಎದ್ದು ಬಂದು ನನ್ನ ಬಲಗಿವಿಯ ಹತ್ತಿರ ಕೂತು ಕೇಳಿದ:

“ಅಂಗಾದ್ರೆ ನಾನು ಕೂಗಿದ್ನಾ?”

“ಕೂಗಿದೆ. ಬಾಯಿ ತೆಗೆದದ್ದು ನೋಡಿದೀನಿ.”

“ನೋಡಿದ್ಯಾ? ದಿಟವಾಗ್ಲೂ?”

“ನೋಡಿದೀನಿ ಕಣೋ.”

ಅವನು ತನ್ನ ಕೈಯನ್ನೇ ನೋಡುತ್ತಾ ಕೂತ. “ಅನ್ನೆರಡು ವರ್ಸ” ಅಂದ. “ಕೂಗ್ದೆ ಅಂತ ನನ್ ಮನಸು ಯೋಳದು. ಕಾಗದ್ದಾಗೆ ಕೂಗ್ಲಿಲ್ಲ ಅಂತ ಬರ್ದವ್ರೆ. ನಾನೇ ಮಂಕು, ನಾನೇ ಬೇಜವಾಬ್ದಾರಿ ಅನ್ಕಂಡೆ. ನನ್ ಮಗ ಗುರುರಾಜ ಒಂದು ಲೋಟ ಕೆಡವಿದ್ರೂ ಒಡ್ದಿದೀನಿ ಕಣಯ್ಯ, ನನ್ನಂಗೆ ಆಗ್ಬಿಡ್ತೀಯ ಅಂತ. ಅವ್ನು ನನ್ ತಾವ ಮಾತಾಡದೇ ಬಿಟ್ಟವ್ನೆ.”

ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಸಿದ್ದಕ್ಕ ನನ್ನ ಚಪ್ಪಲಿಯ ಕಡೆ ಕೈ ತೋರಿಸಿದಳು. ಬಂದೆ.

ನಿನಗೆ ಏನು ಮಾಡು ಅಂತ ಹೇಳಲು ತಿಳಿಯುತ್ತಿಲ್ಲ. ಹೇಳಿ ನಾನು ಹಗುರಾದೆನೋ, ಅವನ ಮೇಲೆ ಇನ್ನೊಂದು ಭಾರ ಹಾಕಿ ಬಂದೆನೋ, ಅದೇ ಗೊತ್ತಾಗಿಲ್ಲ.

ಅಪ್ಪ


ದ್ವೀಪದಿಂದ,
16 ಜೂನ್ 2024

ಅಪ್ಪಾ,

ನಿನ್ನ ಕಾಗದ ಬಂದ ದಿನ ಡ್ಯೂಟಿಗೆ ಹೋಗಲಿಲ್ಲ. ಆ ಫಾರಂ ನೆನಪಿದೆ ನನಗೆ. ಹಳದಿ ಬಣ್ಣದ್ದು. ನೀನು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಟಿವಿ ಮೇಲೆ ಇಟ್ಟೆ. ಇಷ್ಟು ವರ್ಷ ನಿನಗೆ ನನ್ನ ಬಗ್ಗೆ ನಾಚಿಕೆ ಅಂದುಕೊಂಡಿದ್ದೆ. ಈಗ ಏನು ಅಂದುಕೊಳ್ಳಬೇಕೋ ತಿಳಿಯುತ್ತಿಲ್ಲ. ಕೋಪ ಮಾಡಿಕೊಳ್ಳೋಣ ಅಂದರೆ ಅದೂ ಸರಿಯಾಗಿ ಬರುತ್ತಿಲ್ಲ. ಇನ್ನೊಂದು ದಿನ ಬರಬಹುದು.

ನಾನು ಕ್ಯಾಪ್ಟನ್‌ಗೆ ಹೇಳಿದೆ. ಅವಳು ವಿಕೆಟ್ ಹಿಂದೆ, ನನ್ನ ಎದುರಿಗೇ ಇದ್ದವಳು. “ಆಗ ಬಿಸಿಲು ನನ್ನ ಕಣ್ಣಿಗೆ ಹೊಡೆಯುತ್ತಿತ್ತು ಅಂತ ನಾನು ತೀರ್ಮಾನ ಮಾಡಿಕೊಂಡಿದ್ದೇನೆ. ನೀನೂ ಏನಾದರೊಂದು ತೀರ್ಮಾನ ಮಾಡಿಕೋ” ಅಂದಳು. ಕೋಚ್‌ಗೂ ಹೇಳಿದೆ. ಅವರು ನನ್ನ ತಲೆ ಸವರಿದರು. ಅಂಪೈರ್ ಕೊಟ್ಟದ್ದು ಪುಸ್ತಕಕ್ಕೆ ಹೋಯಿತು, ಅದನ್ನು ಯಾರೂ ತಿದ್ದಲು ಬರುವುದಿಲ್ಲ ಅಂದರು.

ಮೊನ್ನೆ ಮುಂದಿನ ಟೂರ್ನಿಯ ಪಟ್ಟಿ ಬಂತು. ನನ್ನ ಹೆಸರಿಲ್ಲ. ಇದನ್ನು ಹೇಳಿದ್ದಕ್ಕೋ, ನಾಲ್ಕನೆಯ ಪಂದ್ಯದಲ್ಲಿ ಕೆಟ್ಟದಾಗಿ ಹಾಕಿದ್ದಕ್ಕೋ, ಆಸ್ಪತ್ರೆಯವರು ರಜ ಕೊಡುವುದಿಲ್ಲ ಅಂದದ್ದಕ್ಕೋ, ಕೇರಳದ ಇನ್ನೊಬ್ಬಳು ಎಡಗೈ ಸ್ಪಿನ್ನರ್ ಬಂದಿದ್ದಾಳೆ, ಅವಳಿಂದಲೋ. ಕೋಚ್ ಅವರನ್ನು ಕೇಳಿದರೆ “ಮುಂದಿನ ಸಲ ನೋಡೋಣ ಬೇಟಿ” ಅಂದರು. ಮುಂದಿನ ಸಲಕ್ಕೆ ನನಗೆ ಇಪ್ಪತ್ತೊಂಬತ್ತು. ನಾಲ್ಕು ಪಂದ್ಯ, ಐದು ವಿಕೆಟ್. ಅಷ್ಟೇ ಇರಬೇಕು.

ಟೀಚರ್‌ಗೆ ಪತ್ರ ಬರೆದೆ. ಹನ್ನೆರಡು ದಿನಕ್ಕೆ ಉತ್ತರ ಬಂತು. ಮೊದಲ ಸಾಲು: ‘ಅದು ನಮ್ಮದೂ ಮೊದಲ ಗೆಲುವಾಗುತ್ತಿತ್ತು.’ ಆಮೇಲೆ ಅರ್ಧ ಪುಟ ಖಾಲಿ. ಕೆಳಗೆ: ‘ನನ್ನನ್ನು ಆರಾಮಾಗಿ ಮಲಗಲು ಬಿಟ್ಟಿದ್ದರೆ ಏನಾಗುತ್ತಿತ್ತು ನಿನಗೆ? ಈಗ ಇದನ್ನು ನನ್ನ ತಂಡದವರಿಗೆ ಹೇಳಲೋ ಬೇಡವೋ? ನೀನೇ ಹೇಳು.’

ಅಪ್ಪಾ, ಏನು ಬರೆಯಲಿ ಅವಳಿಗೆ?

ವೇಣಿ


ಚಿಕ್ಕಬಾಣಾವರ,
25 ಆಗಸ್ಟ್ 2024

ಮಗಳೇ,

ತಡವಾಯಿತು. ಉತ್ತರ ನನ್ನ ಹತ್ತಿರ ಇರಲಿಲ್ಲ. ಬರಲಿ ಅಂತ ಕಾದೆ.

ಹೋದ ವಾರ ಸಿದ್ದಕ್ಕ ಮನೆಗೆ ಬಂದಳು. ಕೂರಲಿಲ್ಲ. ಅಮ್ಮನ ಕೈಲಿ ಹೇಳಿಸಿದಳು, ಬಸಲಿಂಗ ಕರೆಯುತ್ತಿದ್ದಾನೆ, ಭಾನುವಾರ ಮಗನೂ ಇರುತ್ತಾನೆ ಅಂತ. ಹೋದೆ. ಗುರುರಾಜ ಈಗ ಇಪ್ಪತ್ನಾಲ್ಕರವನು, ವೈಟ್‌ಫೀಲ್ಡಿನಲ್ಲಿ ಕಂಪನಿ ಕ್ಯಾಬ್ ಓಡಿಸುತ್ತಾನೆ, ಅಲ್ಲೇ ಮಹದೇವಪುರದಲ್ಲಿ ಬೇರೆ ಮನೆ. ಅಪ್ಪ ಕರೆದರೆ ಬರುವವನಲ್ಲ. ಅವತ್ತು ತಾಯಿಗೆ ಹುಷಾರಿಲ್ಲ ಅಂತ ಸುಳ್ಳು ಹೇಳಿ ಕರೆಸಿದ್ದರಂತೆ. ಬಾಗಿಲಲ್ಲೇ ನಿಂತಿದ್ದ, ಕೈಯಲ್ಲಿ ಗಾಡಿ ಕೀಲಿ.

ಬಸಲಿಂಗ ನನ್ನ ಬಲಗಿವಿಗೆ ಬಾಯಿ ತಂದು ಅಂದ: “ನಂಗೆ ಯೋಳಿದ್ದನ್ನ ಇವನ ಮುಂದೆ ಯೋಳು.”

ಹೇಳಿದೆ. ಹೆಬ್ಬೆರಳು, ಗಾಜು, ಪೆಡಲು, ಸಹಿ, ಎಲ್ಲ. ಅವನು ನನ್ನ ಮುಖ ನೋಡಲಿಲ್ಲ. ಅವನ ಅಪ್ಪನನ್ನು ನೋಡುತ್ತಿದ್ದ. ಹೇಳಿ ಮುಗಿದ ಮೇಲೆ ಗುರುರಾಜ ಏನೋ ಕೇಳಿದ. ಬಸಲಿಂಗ ಏನೋ ಹೇಳಿದ. ಅವನು ಜೋರಾಗಿ ಏನೋ ಅಂದ, ಕುತ್ತಿಗೆಯ ನರ ಉಬ್ಬಿತು. ನನ್ನನ್ನು ಬೈದನೋ, ಅಪ್ಪನನ್ನೋ. ಬಹಳ ಹೊತ್ತು ಮಾತಾಡಿಕೊಂಡರು. ಅವರ ತುಟಿ ಓದಲು ನಾನು ಪ್ರಯತ್ನ ಮಾಡಲಿಲ್ಲ, ತಲೆ ತಗ್ಗಿಸಿಕೊಂಡಿದ್ದೆ. ತಲೆ ಎತ್ತಿದಾಗ ಗುರುರಾಜ ಅಪ್ಪನ ಪಕ್ಕದಲ್ಲಿ ಕೂತಿದ್ದ. ಗಾಡಿ ಕೀಲಿ ನೆಲದ ಮೇಲಿತ್ತು.

ಬಸಲಿಂಗ ನನ್ನನ್ನು ಕ್ಷಮಿಸಿದ್ದಾನೆ ಅಂತ ನಾನು ಬರೆಯುವುದಿಲ್ಲ. ಬಸ್‌ಸ್ಟಾಪಿನ ತನಕ ಬಂದ. ಬಸ್ ಹತ್ತುವಾಗ ಕೈ ಎತ್ತಲಿಲ್ಲ.

ಆದರೆ ಬಸ್ಸಿನಲ್ಲಿ ಕೂತಾಗ ನಿನ್ನ ಟೀಚರಮ್ಮನ ಪ್ರಶ್ನೆಗೆ ಉತ್ತರ ಹೊಳೆಯಿತು. ನೀನು ಮಾಡಿದ್ದು ಒಂದು ಕ್ಯಾಚಿನ ಲೆಕ್ಕ ಅಂತ ನೀನು ತಿಳಿದಿದ್ದೀ, ಅವಳು ಒಂದು ಗೆಲುವಿನ ಲೆಕ್ಕ ಅಂತ ತಿಳಿದಿದ್ದಾಳೆ. ಅದಲ್ಲ. ಎರಡು ರನ್ನಿಂದ ಸೋತ ತಂಡದಲ್ಲಿ ಯಾರೋ ಒಬ್ಬಳು, ನಾನು ಆ ರನ್ ಓಡಬೇಕಿತ್ತು, ನನ್ನಿಂದಲೇ ಸೋತೆವು ಅಂತ ಇವತ್ತಿಗೂ ಅಂದುಕೊಂಡಿರುತ್ತಾಳೆ. ಅವಳು ಯಾರು ಅಂತ ನಮಗೆ ಗೊತ್ತಿಲ್ಲ. ಟೀಚರಿಗೆ ಗೊತ್ತಿರುತ್ತದೆ. ಅವಳಿಗೋಸ್ಕರ ಹೇಳಿ ಅಂತ ಬರೆ.

ಇಷ್ಟು ನನಗೆ ತಿಳಿದದ್ದು. ತಪ್ಪಿದ್ದರೂ ಇರಬಹುದು.

ಅಪ್ಪ


ದ್ವೀಪದಿಂದ,
6 ಅಕ್ಟೋಬರ್ 2024

ಅಪ್ಪಾ,

ನೀನು ಹೇಳಿದಂತೆಯೇ ಬರೆದೆ. ನಿನ್ನ ಮಾತು ಅಂತಲೂ ಬರೆದೆ.

ನಿನ್ನೆ ಉತ್ತರ ಬಂತು. ಟೀಚರ್ ತಂಡದವರನ್ನೆಲ್ಲ ಶಾಲೆಗೆ ಕರೆಸಿ, ಮಕ್ಕಳ ಬೆಂಚಿನ ಮೇಲೆ ಕೂರಿಸಿ ನನ್ನ ಪತ್ರ ಓದಿದಳಂತೆ. ಇಬ್ಬರು ನನ್ನನ್ನು ಚೆನ್ನಾಗಿ ಬೈದರಂತೆ. ಪೊಲೀಸಮ್ಮ ಎದ್ದು ಹೋದಳಂತೆ. ಒಬ್ಬಳಿಗೆ ನಗು ಬಂತಂತೆ.

ಹಾಲಿನ ಡೇರಿಯವಳು ಬಂದಿರಲಿಲ್ಲ. ಆ ಪಂದ್ಯದಲ್ಲಿ ಅವಳು ಎರಡನೆಯ ರನ್ನಿಗೆ ಓಡುತ್ತಾ ಅರ್ಧ ದಾರಿಯಲ್ಲಿ ಬಿದ್ದು ಔಟಾಗಿದ್ದಳು. ಅವತ್ತಿನಿಂದ ಬ್ಯಾಟ್ ಮುಟ್ಟಿಲ್ಲ, ಯಾರಿಗೂ ಕಾರಣ ಹೇಳಿರಲಿಲ್ಲ. ಟೀಚರ್ ಮಾರನೆಯ ದಿನ ಬೆಟ್ಟ ಹತ್ತಿ ಅವಳ ಊರಿಗೆ ಹೋದಳು. ಹಸುವಿನ ಹಾಲು ಕರೆಯುತ್ತಿದ್ದವಳು ಕರೆಯುತ್ತಲೇ ಕೇಳಿಸಿಕೊಂಡಳಂತೆ. ಆಮೇಲೆ ಕೈ ನಿಲ್ಲಿಸಿ, ನಿಜವಾ ಅಂತ ಕೇಳಿದಳು. ನಿಜ ಅಂದದ್ದಕ್ಕೆ ಮತ್ತೆ ಕೇಳಿದಳು. ಮೂರನೆಯ ಸಲವೂ ಕೇಳಿದಳು.

ನಿನ್ನ,
ವೇಣಿ